ನನಗೂ ಒಂದು ಕೆಟ್ಟ ಮೇಲ್ ಬರಬಾರದೇ

ಹೊಟ್ಟೆಕಿಚ್ಚಿನಲ್ಲಿಯೂ ಮರ್ಯಾದಸ್ಥರ ಹೊಟ್ಟೆಕಿಚ್ಚು ಎಂಬುದೊಂದಿದೆ. ಪಕ್ಕದವನ ಬೋರಿಗೆ ನೀರು ಬಿತ್ತು, ತನ್ನ ಬೋರಿನಲ್ಲಿ ಬರೀ ಧೂಳು ಹಾರಿತು ಎಂದು ಒಬ್ಬ ಹೊಟ್ಟೆ ಉರಿದುಕೊಂಡರೆ ಊರಿನವರು ಪಾಪ ಎನ್ನುತ್ತಾರೆ. ವಾರಿಗೆಯವನಿಗೆ ಬಡ್ತಿ ಸಿಕ್ಕಿತು, ತನಗೆ ಸಿಗಲಿಲ್ಲ ಎಂದು ಕೊರಗುವವನ ಹೆಗಲ ಮೇಲೆ ಕೈಹಾಕಿ ಚಹಾ ಕುಡಿಸುವವರೂ ಇರುತ್ತಾರೆ. ಆದರೆ ಪಕ್ಕದ ಕೋಣೆಯವರ ಕಂಪ್ಯೂಟರಿಗೆ ದಿನಕ್ಕೆ ನಾಲ್ಕು ವೈರಸ್ ಮೇಲ್ ಬರುತ್ತವೆ, ನನ್ನ ಕಂಪ್ಯೂಟರಿಗೆ ಒಂದೂ ಬರುವುದಿಲ್ಲವಲ್ಲ ಎಂದು ಊಟ ಸೇರದೆ ಕೂತವನನ್ನು ಯಾರು ಸಮಾಧಾನ ಮಾಡಬೇಕು? ಹಾಗೆ ಕೂತವನು ನಾನು. ಹೆಂಡತಿ ಶಾಂತಾ ಎರಡು ದಿನ ಸುಮ್ಮನೆ ನೋಡಿದಳು, ಮೂರನೆಯ ದಿನ ಏನಾಗಿದೆ ಎಂದು ಕೇಳಿದಳು, ನಾನು ಹೇಳಿಬಿಟ್ಟೆ. ಆಕೆ ಬುಟ್ಟಿಯೊಳಗಿನ ರೊಟ್ಟಿಯ ಮೇಲೆ ಅರಿವೆ ಮುಚ್ಚುತ್ತ, "ಕೆಟ್ಟದ್ದ ಬರ್ಲಿ ಅಂತ ಆಸೆ ಪಡೂ ಗಂಡಸ್ರು ನೀವೊಬ್ರ ನೋಡ್ರಿ. ಮಂದಿ ಕೇಳಿದ್ರ ನಗ್ತಾರ, ಹೊರಗ ಹೇಳಬ್ಯಾಡ್ರಿ" ಎಂದಳು. ಇಷ್ಟು ವರ್ಷ ಆಕೆಯ ಮಾತು ಪಾಲಿಸಿದ್ದೇನೆ. ಈಗ ನಿವೃತ್ತನಾಗಿದ್ದೇನೆ, ನಗುವವರು ನಗಲಿ.

ನಾನು ಬಸವನ ಬಾಗೇವಾಡಿಯ ಒಂದು ಕಾಲೇಜಿನಲ್ಲಿ ಆಫೀಸ್ ಸೂಪರಿಂಟೆಂಡೆಂಟ್ ಆಗಿದ್ದೆ. ಹುದ್ದೆಯ ಹೆಸರು ಉದ್ದ, ಕೆಲಸ ಗಿಡ್ಡ. ಬಂದ ಕಾಗದಕ್ಕೆ ಆವಕ ರಜಿಸ್ಟರಿನಲ್ಲಿ ನಂಬರು ಕೊಡುವುದು, ಹೋಗುವ ಕಾಗದಕ್ಕೆ ಜಾವಕ ರಜಿಸ್ಟರಿನಲ್ಲಿ ನಂಬರು ಕೊಡುವುದು, ಬರಲಾರದೆ ಹೋಗಲಾರದೆ ನಡುವೆ ಉಳಿದ ಕಾಗದಗಳಿಗೆ ಆಕ್ಷೇಪಣೆ ಬರೆಯುವುದು. ಈ ಮೂರನೆಯ ಕೆಲಸದಲ್ಲಿ ನನ್ನ ಕೈ ಚೆನ್ನಾಗಿ ಪಳಗಿತ್ತು. ನನ್ನ ಕೋಣೆಯ ಗೋಡೆಯ ಆಚೆ ಗ್ರಂಥಾಲಯ. ಅಲ್ಲಿ ಗುರುಲಿಂಗಪ್ಪ ಎಂಬ ಗ್ರಂಥಪಾಲಕರು, ಸಿಂದಗಿ ಕಡೆಯವರು. ಹದಿನಾಲ್ಕು ವರ್ಷ ನಾವು ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದೆವು. ಆ ಹದಿನಾಲ್ಕು ವರ್ಷದಲ್ಲಿ ಅವರಿಗೆ ನಾನು ಆಡಿದ ಮಾತು ಎಂದರೆ 'ನಮಸ್ಕಾರ', 'ಪಗಾರ ಪಟ್ಟಿಗೆ ಸಹಿ ಹಾಕ್ರಿ' ಮತ್ತು 'ಸ್ಪಷ್ಟೀಕರಣ ಕೊಡ್ರಿ'. ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು. ಅವರು ಬಹಳ ಒಳ್ಳೆಯವರು, ಎಲ್ಲರಿಗೂ ಬೇಕಾದವರು. ಕಾಲೇಜು ಬಿಟ್ಟು ಹತ್ತು ವರ್ಷವಾದ ಹುಡುಗರೂ ಊರಿಗೆ ಬಂದರೆ ನನ್ನ ಬಾಗಿಲು ದಾಟಿ ಅವರ ಬಾಗಿಲಿಗೆ ಹೋಗುತ್ತಿದ್ದರು. ನನ್ನ ಬಾಗಿಲಲ್ಲಿ ನಿಂತು ಕೇಳುತ್ತಿದ್ದದ್ದು ಒಂದೇ: "ಗುರುಲಿಂಗಪ್ಪ ಸರ್ ಒಳಗ ಅದಾರೇನ್ರಿ?"

ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಕಾಲೇಜಿಗೆ ಎರಡು ಕಂಪ್ಯೂಟರ್ ಬಂದವು, ಒಂದು ಆಫೀಸಿಗೆ, ಒಂದು ಗ್ರಂಥಾಲಯಕ್ಕೆ. ಟೆಲಿಫೋನ್ ಲೈನು ಮಾತ್ರ ಒಂದೇ. ಫೋನು ನನ್ನ ಮೇಜಿನ ಮೇಲೆ, ಅದರದೇ ಒಂದು ಕವಲು ಗೋಡೆಯಲ್ಲಿ ತೂತು ಕೊರೆದು ಅವರ ಕಡೆಗೆ. ಅವರು ಇಂಟರ್‌ನೆಟ್ ಹಚ್ಚಿದಾಗ ನಾನು ರಿಸೀವರ್ ಎತ್ತಿದರೆ ಕಿವಿಯಲ್ಲಿ ಕಿರ್ರೋ ಎಂದು ಒಂದು ಸದ್ದು. ಆ ಸದ್ದು ಕೇಳಿದರೆ ನನಗೆ ತಿಳಿಯುತ್ತಿತ್ತು, ಗೋಡೆಯ ಆಚೆ ಅವರಿಗೆ ಮೇಲ್ ಇಳಿಯುತ್ತಿದೆ ಎಂದು. ನಾನು ಎತ್ತಿದ ಕೂಡಲೇ ಅವರ ಸಂಪರ್ಕ ಕಡಿದುಹೋಗುತ್ತದೆ ಎಂಬುದೂ ಬೇಗನೇ ತಿಳಿಯಿತು. ತಿಳಿದ ಮೇಲೆ ನನಗೆ ಫೋನು ಮಾಡುವ ಜರೂರು ಪದೇ ಪದೇ ಬರತೊಡಗಿತು. ಯಾರಿಗೆ ಮಾಡಬೇಕೆಂದು ಎತ್ತಿದ ಮೇಲೆ ಯೋಚಿಸುತ್ತಿದ್ದೆ.

ಗುರುಲಿಂಗಪ್ಪನವರು ಅದಕ್ಕೂ ಬೇಸರಪಡಲಿಲ್ಲ. ಒಂದು ದಿನ ತಾವೇ ಬಂದು ನನ್ನ ಕಂಪ್ಯೂಟರಿನಲ್ಲಿ ನನಗೊಂದು ಮೇಲ್ ವಿಳಾಸ ಮಾಡಿಕೊಟ್ಟರು. ವಿಳಾಸದ ಪುಸ್ತಕ ಎಂಬ ಪುಟವನ್ನು ತೆಗೆದು, "ಸಾಹೇಬ್ರ, ಬೋಣಿಗಿ ಅಂತ ಮೊದಲ್ನೇ ಹೆಸರ ನಂದ ಇರ್ಲಿ. ಆಮ್ಯಾಲ ನೂರಾರ ಕೂಡ್ತಾವ" ಎಂದು ತಮ್ಮ ವಿಳಾಸ ಬರೆದುಹೋದರು. ಎರಡು ವರ್ಷವಾದರೂ ಆ ಪುಟದಲ್ಲಿ ಎರಡನೆಯ ಹೆಸರು ಕೂಡಲಿಲ್ಲ. ನನಗೆ ಬಂದ ಮೊದಲ ಮೇಲ್ ಆ ವಿಳಾಸ ಕೊಟ್ಟ ಕಂಪನಿಯವರದೇ: ನಿಮ್ಮನ್ನು ನಮ್ಮ ಕುಟುಂಬಕ್ಕೆ ಪ್ರೀತಿಯಿಂದ ಸ್ವಾಗತಿಸುತ್ತೇವೆ. ನನಗೆ ಕಣ್ಣು ತುಂಬಿ ಬಂತು. ಅವರಿಗೆ ಎಂಟು ಸಾಲಿನ ಉತ್ತರ ಬರೆದು, ಕೊನೆಗೆ ಮನೆಯವರಿಗೆಲ್ಲ ನಮಸ್ಕಾರ ತಿಳಿಸಿದೆ. ಈ ವಿಳಾಸದಲ್ಲಿ ಉತ್ತರ ಸ್ವೀಕರಿಸುವುದಿಲ್ಲ ಎಂದು ಅದು ಹಿಂದಿರುಗಿತು. ಅದು ನನ್ನ ಎರಡನೆಯ ಮೇಲ್. ಗುರುಲಿಂಗಪ್ಪನವರಿಗೆ ಇಂಡಿಯಿಂದ, ಮುದ್ದೇಬಿಹಾಳದಿಂದ, ಹಳೆಯ ವಿದ್ಯಾರ್ಥಿಗಳಿಂದ, ಪುಸ್ತಕದ ಅಂಗಡಿಯವರಿಂದ ದಿನಾ ಹನ್ನೊಂದು ಹನ್ನೆರಡು ಬರುತ್ತಿದ್ದವು.

ಅವರು ಆ ಕಂಪ್ಯೂಟರಿನಲ್ಲಿ ಮಾಡುತ್ತಿದ್ದ ದೊಡ್ಡ ಕೆಲಸವೆಂದರೆ ಗ್ರಂಥಾಲಯದ ಅಷ್ಟೂ ಪುಸ್ತಕಗಳ ಪಟ್ಟಿ. ಹೆಸರು, ಬರೆದವರು, ಕಪಾಟು, ಅಂಕಣ, ಎಲ್ಲವನ್ನೂ ಎರಡು ವರ್ಷದಿಂದ ಎರಡು ಬೆರಳಿನಲ್ಲಿ ಕುಟ್ಟುತ್ತಿದ್ದರು. ಕೆಲವು ತಿಂಗಳಲ್ಲಿ ವಿಶ್ವವಿದ್ಯಾಲಯದ ಸಮಿತಿ ಬಂದು ಅದನ್ನು ನೋಡುವುದಿತ್ತು. ಆ ಪಟ್ಟಿಯ ಹೆಸರು ಪ್ರಿನ್ಸಿಪಾಲರ ಬಾಯಲ್ಲಿ ಬಂದಾಗಲೆಲ್ಲ ನನ್ನ ಹೊಟ್ಟೆಯಲ್ಲಿ ಒಂದು ಕೊಳ್ಳಿ ಇಟ್ಟಂತಾಗುತ್ತಿತ್ತು. ಪಟ್ಟಿಯ ನಕಲು ತೆಗೆದಿಡಲು ಎರಡು ಡಬ್ಬಿ ಫ್ಲಾಪಿ ಬೇಕೆಂದು ಅವರು ಬೇಡಿಕೆ ಪತ್ರ ಕೊಟ್ಟಿದ್ದರು. ನಾನು ಅದರ ಮೇಲೆ 'ಪಟ್ಟಿ ಈಗಾಗಲೇ ಇರುವಾಗ ನಕಲು ಏಕೆ? ಸ್ಪಷ್ಟೀಕರಣ ನೀಡಿ' ಎಂದು ಬರೆದು ಹಿಂದಿರುಗಿಸಿದೆ. ಅವರು ಒಂದು ಪುಟದ ಸ್ಪಷ್ಟೀಕರಣ ಕೊಟ್ಟರು. ಅದನ್ನು ನನ್ನ ಮೇಜಿನ ಖಾನೆಯಲ್ಲಿಟ್ಟು, ಮೇಲೆ ಪಂಚಾಂಗ ಇಟ್ಟೆ.

ಇಷ್ಟರಲ್ಲಿ ಪ್ರಿನ್ಸಿಪಾಲರು ಕೆಟ್ಟ ಮೇಲ್‌ಗಳಿಂದ ಕಂಪ್ಯೂಟರನ್ನು ಕಾಪಾಡಿಕೊಳ್ಳುವ ಬಗ್ಗೆ ಸಿಬ್ಬಂದಿಗೆ ಒಂದು ಉಪನ್ಯಾಸ ಆಗಲಿ ಎಂದರು. ಮಾಡುವವರು ಯಾರು ಎಂದು ಬೇರೆ ಹೇಳಬೇಕಾಗಿಲ್ಲ. ಗ್ರಂಥಾಲಯದಲ್ಲಿ ಕುರ್ಚಿ ಹಾಕಿ, ಮೇಜಿಗೆ ಹಸಿರು ಬಟ್ಟೆ ಹಾಸಿ, ಅವರ ಕೊರಳಿಗೆ ಹಾರ ಹಾಕಲಾಯಿತು. ಹಾರ ತರಿಸಿದವನು ನಾನು, ನಾನೇ ಹಾಕಬೇಕಾಯಿತು. ಗುರುಲಿಂಗಪ್ಪನವರು ಶುರು ಮಾಡಿದರು: "ನೋಡ್ರಿ, ಗುರುತಿಲ್ಲದವರ ಮೇಲ್ ಒಡೀಬ್ಯಾಡ್ರಿ. ಅದರ ಬಾಲಕ್ಕ ಒಂದ ಫೈಲ್ ಕಟ್ಟಿರ್ತಾರ, ಅದನ್ನಂತೂ ಮುಟ್ಟಲೇಬ್ಯಾಡ್ರಿ. ವೈರಸ್ ಅದರಾಗ ಇರ್ತೈತಿ. ಗುರುತಿನವರ ಹೆಸರಿದ್ರೂ, ಹೇಳದ ಕೇಳದ ಬಂದಿದ್ರ ಸಂಶಯ ಪಡ್ರಿ. ವೈರಸ್ ಹೊಕ್ಕ ಮ್ಯಾಲ ನಿಮ್ಮ ವಿಳಾಸದ ಪುಸ್ತಕ ತಗದು ಅದರಾಗಿನವರಿಗೆಲ್ಲಾ ನಿಮ್ಮ ಹೆಸರಿಲೇ ತಾನ ಹೋಗ್ತೈತಿ. ಅದಕ ಮೊದಲ ಫೋನ್ ಮಾಡಿ, ನೀವ ಕಳಿಸೀರೇನು ಅಂತ ಕೇಳ್ರಿ. ಬಹುಮಾನ ಬಂದೈತಿ ಅಂದ್ರ ನಂಬಬ್ಯಾಡ್ರಿ. ಪಾಸ್‌ವರ್ಡ್ ಹೆಂಡ್ತಿಗೂ ಹೇಳಬ್ಯಾಡ್ರಿ. ಕೆಲಸದ ನಕಲ ಬ್ಯಾರೆ ಕಡೆ ಇಡ್ರಿ." ನಕಲು ಎಂದಾಗ ಅವರು ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಜಗಳಕ್ಕೆ ಒಂದು ದಾರಿಯಾಗುತ್ತಿತ್ತು.

ಆಮೇಲೆ ಅವರು ತಮಗೆ ಬಂದ ಕೆಟ್ಟ ಮೇಲ್‌ಗಳ ಸಾಲನ್ನು ಪರದೆಯ ಮೇಲೆ ತೋರಿಸಿದರು. ಒಂದರಲ್ಲಿ ಯಾವುದೋ ದೇಶದ ಸೇನಾಪತಿಯ ವಿಧವೆ ಅವರ ನೆರವು ಬೇಡಿದ್ದಳು. ಇನ್ನೊಂದರಲ್ಲಿ ಒಬ್ಬ ಬ್ಯಾಂಕಿನ ಅಧಿಕಾರಿ ಅವರನ್ನು 'ನನ್ನ ಆತ್ಮೀಯ ಮಿತ್ರನೇ' ಎಂದು ಕರೆದಿದ್ದ. ಸಿಬ್ಬಂದಿಯೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ನನಗೆ ಹೊಟ್ಟೆಯೊಳಗಿಂದ ಬೆಂಕಿ ಎದ್ದಿತು. ಒಳ್ಳೆಯವರು ನನ್ನನ್ನು ಕೇಳುವುದಿಲ್ಲ, ಹೋಗಲಿ. ಜಗತ್ತಿನ ಅಷ್ಟೂ ಕಳ್ಳರು ಸಿಂದಗಿ ಕಡೆಯ ಈ ಮನುಷ್ಯನನ್ನು ಹುಡುಕಿಕೊಂಡು ಬಾಗೇವಾಡಿಗೆ ಬರುತ್ತಾರೆ, ಗೋಡೆಯ ಈಚೆ ಇರುವ ನನಗೆ ಮೋಸ ಮಾಡಬೇಕೆಂದು ಒಬ್ಬನಿಗಾದರೂ ಅನಿಸಬಾರದೇ? ಮೋಸಕ್ಕೂ ನಾನು ಲಾಯಕ್ಕಲ್ಲವೇ?

ನನ್ನ ವಿಳಾಸವೇ ಯಾರಿಗೂ ಗೊತ್ತಿಲ್ಲ, ಅದೇ ಕಾರಣ ಎಂದು ಸಮಾಧಾನ ತಂದುಕೊಂಡೆ. ಆಗ ಅಗರಖೇಡದಲ್ಲಿ ನನ್ನ ತಂಗಿಯ ಮಗಳ ಲಗ್ನ ನಿಶ್ಚಯವಾಗಿತ್ತು. ಲಗ್ನಪತ್ರಿಕೆ ಅಚ್ಚು ಹಾಕಿಸುವ ಜವಾಬ್ದಾರಿ ಸೋದರಮಾವನಾದ ನನ್ನದು. ಸುಖಾಗಮನ ಬಯಸುವವರ ಸಾಲಿನಲ್ಲಿ ನನ್ನ ಹೆಸರಿನ ಕೆಳಗೆ ಮೇಲ್ ವಿಳಾಸ ಸೇರಿಸಿದೆ. ಇಂಡಿ ಊರಿನ ಅಚ್ಚುಕೂಟದವನು, ಆ ವಿಳಾಸದ ನಡುವೆ ಬರುವ ಸುತ್ತು ಹಾಕಿದ 'a' ಅಕ್ಷರದ ಅಚ್ಚಿನ ಮೊಳೆ ತನ್ನಲ್ಲಿಲ್ಲ ಎಂದ. ಬರೀ 'a' ಹಾಕಲು ಹೇಳಿ, ನಾಲ್ಕು ನೂರು ಪತ್ರಿಕೆಗಳ ಮೇಲೆ ಒಂದೊಂದಾಗಿ ನಾನೇ ಪೆನ್ನಿನಿಂದ ಸುತ್ತು ಎಳೆದೆ. ಅಗರಖೇಡದ ಕಾಕಾ ಪತ್ರಿಕೆಯನ್ನು ದೂರ ಹಿಡಿದು, "ಇದ್ಯಾವ ಊರೋ ತಮ್ಮಾ? ಅಲ್ಲೀತನಕ ಬಸ್ ಹೋಗ್ತೈತೇನು?" ಎಂದು ಕೇಳಿದರು. ಒಂದು ಮೇಲೂ ಬರಲಿಲ್ಲ. ಮೂವರು ಮಾತ್ರ ನಾನಿರುವ ಇಂಗಳೇಶ್ವರಕ್ಕೆ ಬಸ್ಸು ಹತ್ತಿ ಬಂದು, "ಪತ್ರಿಕಿ ಕೆಳಗ ಏನೋ ಬರದಿದ್ರಿ, ತಿಳೀಲಿಲ್ಲ, ಕೇಳ್ಕೊಂಡ ಹೋಗೂಣಂತ ಬಂದ್ವಿ" ಎಂದು ಚಹಾ ಕುಡಿದು ಹೋದರು. ಆಮೇಲೆ ನಾನು ನಾಚಿಕೆ ಬಿಟ್ಟು, ಇಂಟರ್‌ನೆಟ್ಟಿನಲ್ಲಿ ಎಲ್ಲಿ ಖಾಲಿ ಚೌಕ ಕಂಡರೂ ಅಲ್ಲಿ ನನ್ನ ವಿಳಾಸ ತುಂಬುತ್ತ ಹೋದೆ. ತೂಕ ಇಳಿಸುವ ಔಷಧಿ ಬೇಕೆಂದೆ, ಹಡಗಿನ ಪ್ರವಾಸಕ್ಕೆ ಸಿದ್ಧ ಎಂದೆ.

ಒಂದು ಮಧ್ಯಾಹ್ನ ಅಂಥದೊಂದು ಮೇಲ್ ಬಂತು. ಕಳಿಸಿದವಳು ಯಾರೋ ವಿದೇಶದ ಹೆಸರಿನ ಹೆಣ್ಣುಮಗಳು. ಇಂಗ್ಲಿಷಿನಲ್ಲಿದ್ದ ತಲೆಬರಹದ ಅರ್ಥ, 'ಬಹಳ ದಿನಗಳಿಂದ ನಿಮಗೆ ಹೇಳಬೇಕೆಂದಿದ್ದ ಮಾತು'. ಒಳಗೆ ಒಂದೇ ಸಾಲು: ಜೊತೆಗಿರುವ ಪತ್ರ ತೆರೆದು ಓದಿ, ಯಾರಿಗೂ ತೋರಿಸಬೇಡಿ. ಗುರುಲಿಂಗಪ್ಪನವರು ಹೇಳಿದ ಲಕ್ಷಣಗಳು ಒಂದೂ ಬಿಡದೆ ಇದ್ದವು. ಇದು ಕೆಟ್ಟ ಮೇಲ್ ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಅದಕ್ಕೇ ಅಷ್ಟು ಸಂತೋಷವಾಯಿತು. ಮೊದಲು ಆವಕ ರಜಿಸ್ಟರ್ ತೆಗೆದು ಅದಕ್ಕೊಂದು ನಂಬರು ಕೊಟ್ಟೆ, ವಿಷಯ ಎಂಬಲ್ಲಿ 'ಖಾಸಗಿ' ಎಂದು ಬರೆದೆ. ಇನ್ನು ಅಳಿಸಬೇಕಿತ್ತು. ಆದರೆ ನಮ್ಮ ಕಡೆ ಬಂದ ಕಾಗದವನ್ನು ಒಡೆಯದೆ ಇಡುವುದೆಂದರೆ ಬಂದ ಬೀಗರಿಗೆ ನೀರು ಕೊಡದೆ ಕೂಡಿಸಿದಂತೆ. ಅದೂ ಎರಡು ವರ್ಷಕ್ಕೆ ಮೊದಲ ಸಲ ಬಂದ ಬೀಗರು. ಒಡೆದೆ. ಏನೂ ಕಾಣಲಿಲ್ಲ. ಅದಕ್ಕೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಒಡೆದೆ. ಕಂಪ್ಯೂಟರು ಒಳಗೆ ಸ್ವಲ್ಪ ಗುರುಗುಟ್ಟಿ ಸುಮ್ಮನಾಯಿತು. ನನ್ನದರಲ್ಲಿ ಅದು ನುಂಗಲು ಏನಿತ್ತು? ಎರಡು ಸುತ್ತೋಲೆ, ಒಂದು ಇಸ್ಪೀಟಾಟ. ಅಂದು ಸಂಜೆ ನಾನು ಮೂರು ರೊಟ್ಟಿ ಉಂಡೆ. ಶಾಂತಾ ಏನು ವಿಶೇಷ ಎಂದು ಕೇಳಿದಳು. "ಬಂತು" ಎಂದೆ.

ಮರುದಿನ ಹತ್ತೂವರೆಗೆ ಕಾಲೇಜಿಗೆ ಹೋದರೆ ಗ್ರಂಥಾಲಯದ ಬಾಗಿಲಲ್ಲಿ ಜನ. ಗುರುಲಿಂಗಪ್ಪನವರು ಕಂಪ್ಯೂಟರಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ಎರಡು ವರ್ಷದ ಪಟ್ಟಿ ಹೋಗಿತ್ತು. ಫೈಲುಗಳ ಹೆಸರಿದ್ದವು, ತೆರೆದರೆ ಒಳಗೆ ಬಿಳಿ ಹಾಳೆ. ಪ್ರಿನ್ಸಿಪಾಲರು, "ನಿಮಗ ಹ್ಯಾಂಗ ಹೊಕ್ತು ಸರ್ ಇದು? ಯಾರ ಮೇಲ್ ಒಡದ್ರಿ?" ಎಂದು ಕೇಳುತ್ತಿದ್ದರು. ನನಗೆ ಆಗ ಹೊಳೆಯಿತು. ವಿಳಾಸದ ಪುಸ್ತಕದಲ್ಲಿರುವವರಿಗೆಲ್ಲ ಅದು ತಾನೇ ಹೋಗುತ್ತದೆ. ನನ್ನ ಪುಸ್ತಕದಲ್ಲಿ ಇದ್ದವರು ಒಬ್ಬರೇ. ಗುರುಲಿಂಗಪ್ಪನವರು ತಲೆ ಎತ್ತಿ ನನ್ನನ್ನು ನೋಡಿದರು, ಆಮೇಲೆ ಪ್ರಿನ್ಸಿಪಾಲರ ಕಡೆ ತಿರುಗಿ, "ಗುರುತಿನವರದ ಇತ್ರೀ. ಅವ್ರದೇನ ತಪ್ಪಿಲ್ಲ, ಒಡದಾಂವ ನಾನ" ಎಂದರು. ಪ್ರಿನ್ಸಿಪಾಲರು ಪಟ್ಟಿಯ ನಕಲು ಇಲ್ಲವೇ ಎಂದು ಕೇಳಿದರು. ಅವರು, "ಇಡೂದ ಆಗಲಿಲ್ರೀ" ಎಂದರು. ಫ್ಲಾಪಿಯ ಮಾತು ಎತ್ತಲಿಲ್ಲ. ಆದರೂ ನಿಜ ಹೇಳುತ್ತೇನೆ, ಆ ಬಿಳಿ ಹಾಳೆ ನೋಡಿದಾಗ ಒಂದು ಗಳಿಗೆ, ಒಂದೇ ಗಳಿಗೆ, ನನ್ನೊಳಗೆ ತಂಪಾಯಿತು. ಆ ತಂಪಿನ ನೆನಪಾದರೆ ಈಗಲೂ ನನಗೆ ನನ್ನ ಮುಖ ನೋಡಿಕೊಳ್ಳಲು ಆಗುವುದಿಲ್ಲ.

ಅಂದು ಇಡೀ ದಿನ ಫೋನು ಬಡಿದುಕೊಂಡಿತು. ವೈರಸ್ ಅವರ ಪುಸ್ತಕದಿಂದ ಇನ್ನೂರು ಜನಕ್ಕೆ ಹೋಗಿತ್ತು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಎಲ್ಲ ಕಡೆಯಿಂದ ಕರೆ. ಬೈಯಲು ಮಾಡಿದ್ದಾರೆ ಎಂದುಕೊಂಡು ಎತ್ತಿದರೆ ಒಬ್ಬರೂ ಬೈಯುತ್ತಿರಲಿಲ್ಲ. "ಸರ್ ಆರಾಮ ಅದಾರೇನ್ರಿ? ಅವ್ರ ಕಂಪ್ಯೂಟರಿಗೆ ಏನೋ ಆಗೇತಿ ಅನಸ್ತೈತಿ, ಜ್ವಾಕಿ ಅಂತ ಹೇಳ್ರಿ." ಮುದ್ದೇಬಿಹಾಳದವರೊಬ್ಬರು ಬಂದು ಸಹಾಯ ಮಾಡಲೇ ಎಂದೂ ಕೇಳಿದರು. ಹಚ್ಚಿದವನು ನಾನು, ಸಹಾನುಭೂತಿ ಅವರಿಗೆ. ಅಪರಾಧದ ಭಾರದಲ್ಲಿ ಕುಸಿದು ಕೂತಿದ್ದಾಗಲೂ ನಲವತ್ತನೆಯ ಸಲ ರಿಸೀವರ್ ಎತ್ತುವಾಗ ನನ್ನ ಮನಸ್ಸು ಎಣಿಸುತ್ತಿತ್ತು: ನಾನು ಹಾಳಾದರೆ ನನಗೆ ಎಷ್ಟು ಫೋನು ಬಂದಾವು?

ಸಂಜೆ ಎಲ್ಲರೂ ಹೋದ ಮೇಲೆ ನಾನು ಗೋಡೆಯ ಆಚೆ ಹೋದೆ. ಅವರು ಹಳೆಯ ರಜಿಸ್ಟರುಗಳನ್ನು ಕಪಾಟಿನಿಂದ ಇಳಿಸುತ್ತಿದ್ದರು, ಮೊದಲಿನಿಂದ ಕುಟ್ಟಲು. "ಗುರುತಿನವರದ್ದಿದ್ರೂ ಸಂಶಯ ಪಡ್ರಿ ಅಂತ ನೀವ ಹೇಳಿದ್ರಿ. ನೀವ ಯಾಕ ಒಡದ್ರಿ?" ಎಂದೆ. ಕೇಳುವ ಧಾಟಿ ಮಾತ್ರ ಆಕ್ಷೇಪಣೆ ಬರೆಯುವವನದೇ ಆಗಿತ್ತು.

ಅವರು ರಜಿಸ್ಟರಿನ ಧೂಳು ಒರೆಸುತ್ತ ಹೇಳಿದರು: "ಅದು ವೈರಸ್ ಇರಬೇಕಂತ ಅನಿಸಿತ್ರೀ ಸಾಹೇಬ್ರ. ನಿಮ್ಮನ್ನ ಕೇಳೂಣಂತ ಎದ್ದೂ ನಿಂತಿದ್ದೆ. ಆದ್ರ ಮ್ಯಾಲ ನಿಮ್ಮ ಹೆಸರಿತ್ತು, ಬಾಳ ದಿನದಿಂದ ಹೇಳಬೇಕಂತಿದ್ದೆ ಅಂತ ಬರದಿತ್ತು. ಹದಿನಾಲ್ಕ ವರ್ಷ ಗ್ವಾಡಿ ಆಚೀಕಡೆ ಕುಂತೀರಿ, ಒಂದ ಮಾತ ಮನಸ್ ಬಿಚ್ಚಿ ಆಡಿಲ್ಲ. ನಾ ಕೇಳಾಕ ಬಂದ್ರ, ಇಲ್ಲ ಅಂದ್ಬಿಡ್ತೀರಿ ಅನಿಸ್ತು. ಖರೇನ ನೀವ ಬರದಿದ್ದು, ನಾ ಒಡೀದ ಅಳಿಸಿದ್ರ, ಮತ್ತ ಎಂದ ಬರೀತೀರಿ ನೀವು?" ರಜಿಸ್ಟರನ್ನು ಮೇಜಿನ ಮೇಲಿಟ್ಟು, "ಅದಿರ್ಲಿ, ಹೇಳೂದ ಏನರ ಇತ್ತೇನ್ರಿ?" ಎಂದು ಕೇಳಿದರು.

ಇತ್ತು. ಹದಿನಾಲ್ಕು ವರ್ಷದ್ದು ಇತ್ತು. "ನೀವ ಕುಟ್ರಿ, ನಾ ಓದಿ ಹೇಳ್ತೇನಿ" ಎಂದು ರಜಿಸ್ಟರ್ ತೆಗೆದುಕೊಂಡೆ. ಪಂಚಾಂಗದ ಕೆಳಗಿದ್ದ ಫ್ಲಾಪಿಯ ಬೇಡಿಕೆಗೂ ಮರುದಿನವೇ ಮಂಜೂರಾತಿಯಾಯಿತು. ಮೂರು ತಿಂಗಳು, ದಿನಾ ಮೂರು ಗಂಟೆಯಿಂದ ಆರರವರೆಗೆ, ನಾನು ಪುಸ್ತಕದ ಹೆಸರು ಓದಿದೆ, ಅವರು ಎರಡು ಬೆರಳಿನಲ್ಲಿ ಕುಟ್ಟಿದರು. ರವಿವಾರ ಹಳೆಯ ವಿದ್ಯಾರ್ಥಿಗಳೂ ಬಂದು ಕೂತರು. ಸಮಿತಿ ಬರುವ ಹೊತ್ತಿಗೆ ಪಟ್ಟಿ ಮುಕ್ಕಾಲು ಪಾಲು ಎದ್ದು ನಿಂತಿತು. ಸಮಿತಿಯವರು ಗುರುಲಿಂಗಪ್ಪನವರ ಬೆನ್ನು ತಟ್ಟಿದರು. ಅವರು ನನ್ನನ್ನು ಮುಂದೆ ಕರೆದು, "ಇದರಾಗ ಅರ್ಧಾ ಸಾಹೇಬ್ರದರೀ" ಎಂದರು. ನಾನು ನೆಲ ನೋಡಿದೆ. ವಿನಯ ಎಂದುಕೊಂಡರು.

ಮರುದಿನ ಬೆಳಗ್ಗೆ ಆಫೀಸಿಗೆ ಬೇಗ ಹೋಗಿ, ಇನ್ನು ತಡೆಯಲಾರದೆ ಅವರಿಗೆ ನಿಜವಾದ ಒಂದು ಮೇಲ್ ಬರೆದೆ. ಬಾಲಕ್ಕೆ ಫೈಲಿಲ್ಲ, ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಕುಟ್ಟಿದ್ದು. ನಿಮ್ಮನ್ನು ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ, ನಿಮ್ಮ ಪಟ್ಟಿ ಹಾಳಾದದ್ದು ನೋಡಿ ನನಗೆ ಒಂದು ಗಳಿಗೆ ಖುಷಿಯಾಯಿತು ಎಂದೇ ಶುರು ಮಾಡಿದೆ. ಫೋನು ಎತ್ತಿ ಸಂಪರ್ಕ ಕಡಿದದ್ದು, ಫ್ಲಾಪಿ ತಡೆದದ್ದು, ಬೇಕೆಂದೇ ಕೆಟ್ಟ ಮೇಲ್ ಒಡೆದದ್ದು, ಎಲ್ಲ ಬರೆದು ಕಳಿಸಿ, ರಿಸೀವರ್ ಮುಟ್ಟದೆ, ಅವರಿಗೆ ಅದು ಇಳಿಯುವ ತನಕ ಕೈ ಕಟ್ಟಿ ಕೂತೆ. ಎದೆ ಹಗುರಾಗಿತ್ತು. ಬೈದರೆ ಬೈಯಿಸಿಕೊಳ್ಳುವುದು, ಮಾತು ಬಿಟ್ಟರೆ ಬಿಡಲಿ ಎಂದು ಗಟ್ಟಿಯಾಗಿದ್ದೆ.

ಹನ್ನೊಂದಕ್ಕೆ ಗುರುಲಿಂಗಪ್ಪನವರು ನನ್ನ ಬಾಗಿಲಿಗೆ ಬಂದರು. ಕುರ್ಚಿ ಎಳೆದು ಹತ್ತಿರ ಕೂತು, ದನಿ ಸಣ್ಣ ಮಾಡಿ, "ಸಾಹೇಬ್ರ, ಮತ್ತ ನಿಮ್ಮ ಹೆಸರಿಲೇ ಒಂದು ಬಂದಿತ್ರೀ. ಈ ಸಲ ಕನ್ನಡಾನೂ ಕಲ್ತಾರ ನೋಡ್ರಿ ಕಳ್ಳರು. ಎರಡ ಸಾಲ ಓದಿದ್ನಿ, ನಿಮ್ದಲ್ಲ ಅಂತ ತಿಳೀತು. ಅಷ್ಟ ಹೊಲಸ ಮನಸಿನ ಮಾತು ನಿಮ್ಮ ಕೈಲಿಂದ ಬರೂದಿಲ್ಲ. ಮುಂದ ಓದದ ಅಳಿಸಿಬಿಟ್ನಿ" ಎಂದರು.

ಅವರ ಕಣ್ಣು ನೋಡಿದೆ. ಅವರು ನಿಜಕ್ಕೂ ಹಾಗೆ ನಂಬಿದ್ದರೋ, ಎಲ್ಲವನ್ನೂ ಓದಿ ನನ್ನನ್ನು ಉಳಿಸಿದರೋ ನನಗೆ ಇಂದಿಗೂ ಗೊತ್ತಿಲ್ಲ. ಅಲ್ಲ, ಅದು ನಾನೇ ಬರೆದದ್ದು ಎನ್ನಲು ಬಾಯಿ ತೆರೆದೆ. "ಚಲೋ ಮಾಡಿದ್ರಿ" ಎಂಬ ಮಾತು ಹೊರಗೆ ಬಂತು. ಅವರು ಎದ್ದು ತಮ್ಮ ಕೋಣೆಗೆ ಹೋದರು. ಒಬ್ಬ ಮನುಷ್ಯನ ಬಗ್ಗೆ ಅಷ್ಟು ಒಳ್ಳೆಯದನ್ನು ನಂಬುವುದಾಗಲಿ, ನಂಬಿದಂತೆ ನಟಿಸುವುದಾಗಲಿ, ಎರಡೂ ಏಳು ಜನ್ಮಕ್ಕೂ ನನ್ನ ಕೈಯಿಂದ ಆಗುವ ಕೆಲಸವಲ್ಲ ಎಂದು ಅನಿಸಿತು, ಅನಿಸಿದ ಕೂಡಲೇ ಹೊಟ್ಟೆಯಲ್ಲಿ ಮತ್ತೆ ಉರಿ ಶುರುವಾಯಿತು.